ಹಳ್ಳಕ್ಕೆ ಹಾಸಿದ ಅಡಿಗಲ್ಲುಗಳು

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ದೊಡ್ಡ ಅಧಿಕಾರ ನಡೆಸಿದವನು ಅದರಿಂದ ಇಳಿದ ಮೇಲೆ ಅವನದೆಂದು ಏನು ಉಳಿಯುತ್ತದೆ? ಹೆಸರು ತಾನೇ?"

ಗುರು ಅವನ ಮುಖ ನೋಡಿದರು. ಮಠದ ಹೊಸ ಛತ್ರ ಕಟ್ಟಿಸುವ ಹೊಣೆ ಆ ವರ್ಷ ಅವನದಾಗಿತ್ತು. ಬಾಗಿಲ ಮೇಲೆ ಯಾರ ಹೆಸರು ಇರಬೇಕೆಂದು ಅವನು ಮೂರು ದಿನದಿಂದ ಕಲ್ಲುಕುಟಿಗನ ಜೊತೆ ಚರ್ಚಿಸುತ್ತಿದ್ದುದು ಅವರ ಕಿವಿಗೂ ಬಿದ್ದಿತ್ತು. ಆ ಮಾತನ್ನು ಅವರು ಎತ್ತಲಿಲ್ಲ. ಕೂತುಕೋ ಎಂದು ಕೈ ಮಾಡಿ ಈ ಕತೆ ಹೇಳಿದರು.

ಒಂದು ಊರಿತ್ತು. ಊರಿನ ಮುಂದೆ ಒಂದು ಹಳ್ಳ. ಶಾಲೆ, ಸಂತೆ, ಆಸ್ಪತ್ರೆ ಎಲ್ಲವೂ ಹಳ್ಳದ ಆಚೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಮಳೆ ಹಿಡಿದರೆ ಎದೆಮಟ್ಟ. ಸೇತುವೆ ಬೇಕೆಂದು ಜನ ಕೇಳಿದರು. ಒಬ್ಬ ಮಂತ್ರಿ ಬಂದ, ಹಾರ ಹಾಕಿಸಿಕೊಂಡ, ತನ್ನ ಹೆಸರು ಕೆತ್ತಿಸಿದ ಅಡಿಗಲ್ಲು ನೆಟ್ಟ, ಹೋದ. ಸೇತುವೆ ಏಳುವ ಮೊದಲೇ ಅವನ ಸರಕಾರ ಬಿತ್ತು. ಅವನ ಜಾಗಕ್ಕೆ ಇನ್ನೊಬ್ಬ ಬಂದ. ಬೇರೆಯವನ ಹೆಸರಿನ ಅಡಿಗಲ್ಲಿನ ಮೇಲೆ ತಾನು ಸೇತುವೆ ಕಟ್ಟುವುದು ಹೇಗೆ? ಮಂತ್ರಿಗಳಲ್ಲಿ ಅಂಥ ಪದ್ಧತಿ ಇಲ್ಲ. ಅವನೂ ಒಂದು ಕಲ್ಲು ನೆಟ್ಟ, ಮೊದಲಿನದಕ್ಕಿಂತ ಒಂದು ಮೊಳ ಉದ್ದದ್ದು. ಅವನೂ ಇಳಿದ. ಮೂರನೆಯವನ ಕಲ್ಲು ಎರಡನೆಯದಕ್ಕಿಂತಲೂ ಉದ್ದ. ಅಷ್ಟರಲ್ಲಿ ಹದಿನೈದು ವರ್ಷ ಕಳೆದಿತ್ತು. ಸೇತುವೆಗೆಂದು ಒಂದು ಬುಟ್ಟಿ ಮರಳೂ ಬಂದು ಬಿದ್ದಿರಲಿಲ್ಲ.

ಜನ ಕಾದು ಕಾದು ಸಾಕಾಗಿ ಒಂದು ದಿನ ಹಾರೆ ತಂದರು. ಮೂರೂ ಕಲ್ಲು ಕಿತ್ತರು. ಹಳ್ಳದ ನಡುವೆ ಎರಡು ಕಡೆ ಬಂಡೆ ಪೇರಿಸಿ, ಅವುಗಳ ಮೇಲೆ ಒಂದರ ಮುಂದೆ ಒಂದರಂತೆ ಹಾಸಿದರು. ಮಂತ್ರಿಗಳು ಒಬ್ಬರಿಗಿಂತ ಒಬ್ಬರು ಉದ್ದದ ಕಲ್ಲು ನೆಟ್ಟಿದ್ದರಿಂದ ಹಳ್ಳದ ಅಗಲಕ್ಕೆ ಸರಿಯಾಗಿ ಕೂತವು. ಹಿಂಬದಿ ಉಬ್ಬುತಗ್ಗು, ತಲೆಹೊರೆ ಇದ್ದವರು ಎಡವುತ್ತಾರೆಂದು ಕೆತ್ತಿದ ಮುಖವನ್ನೇ ಮೇಲೆ ಮಾಡಿದರು. ಮಳೆಯಲ್ಲೂ ಅಕ್ಷರದ ಗೆರೆಗೆ ಹೆಬ್ಬೆರಳು ಊರಿದರೆ ಕಾಲು ಜಾರುತ್ತಿರಲಿಲ್ಲ. ಹೀಗೆ ಮೂವತ್ತು ವರ್ಷ ನಡೆಯಿತು.

ಆಮೇಲೆ ಪಟ್ಟಣದಲ್ಲಿ ಒಂದು ವಸ್ತುಸಂಗ್ರಹಾಲಯ ಕಟ್ಟಿದರು. ನಾಡಿನ ಚರಿತ್ರೆಯ ವಸ್ತುಗಳನ್ನು ಹುಡುಕುತ್ತ ಹೊರಟ ಅಧಿಕಾರಿಗೆ ಈ ಕಲ್ಲುಗಳು ಸಿಕ್ಕವು. ಅವನು ಒಳ್ಳೆಯ ಮನುಷ್ಯನೇ. ಆದರೆ ಎಂದೂ ಹಳ್ಳ ದಾಟಿ ಶಾಲೆಗೆ ಹೋದವನಲ್ಲ. ಲಾರಿ ತರಿಸಿ ಕಲ್ಲುಗಳನ್ನು ಎತ್ತಿಸಿಕೊಂಡು ಹೋದ, ಪಾಚಿ ಕೆರೆಸಿ ತೊಳೆಸಿದ, ದೀಪದ ಬೆಳಕಿನಲ್ಲಿ ಸಾಲಾಗಿ ನಿಲ್ಲಿಸಿದ. 'ನಾಡು ಕಟ್ಟಿದವರು' ಎಂದು ಮೇಲೆ ಬರೆಸಿದ. 'ಮುಟ್ಟಬಾರದು' ಎಂದು ಕೆಳಗೆ ಬರೆಸಿದ.

ಪ್ರಾರಂಭೋತ್ಸವದ ದಿನ ಒಂದು ಸಂವಾದ. ಆ ಮೂವರೂ ಮಾಜಿ ಮಂತ್ರಿಗಳು ಇನ್ನೂ ಬದುಕಿದ್ದರು. ಒಬ್ಬನಿಗೆ ಕೋಲು ಬೇಕಾಗಿತ್ತು, ಒಬ್ಬನಿಗೆ ಕಿವಿ ಮಂದ, ಮೂರನೆಯವನ ಗಂಟಲು ಮಾತ್ರ ಮೊದಲಿನಂತೆಯೇ ಇತ್ತು. ಒಂದು ಕಾಲದಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಅಂದು ಒಂದೇ ಸೋಫಾದಲ್ಲಿ, ತಮ್ಮ ತಮ್ಮ ಕಲ್ಲುಗಳ ಮುಂದೆ ಕೂತಿದ್ದರು. ತಾವು ಮಾಡಿದ್ದನ್ನೆಲ್ಲ ಹೇಳಿಕೊಂಡರು. ಮಾಡದಿದ್ದನ್ನೂ ಸ್ವಲ್ಪ ಸೇರಿಸಿದರು. ಸಭಿಕರು ಪ್ರಶ್ನೆ ಕೇಳಬಹುದು ಎಂದು ಅಧಿಕಾರಿ ಹೇಳಿದಾಗ ಹಿಂದಿನ ಸಾಲಿನಿಂದ ಆ ಊರಿನ ಹೆಂಗಸೊಬ್ಬಳು ಎದ್ದಳು.

"ಸ್ವಾಮಿ, ಆ ಕಲ್ಲು ನಮಗೆ ವಾಪಸ್ ಬೇಕು. ಇನ್ನೊಂದು ವಾರಕ್ಕೆ ಮಳೆ ಹಿಡೀತದೆ. ನನ್ನ ಸೊಸೆಗೆ ದಿನ ತುಂಬ್ತಾ ಐತೆ, ಹೋದ ಸಲದ ಕೂಸು ಉಳೀಲಿಲ್ಲ. ಆಸ್ಪತ್ರೆ ಹಳ್ಳದಾಚೆ ಐತೆ. ಅವಳನ್ನ ಯಾವುದರ ಮೇಲೆ ದಾಟಿಸಲಿ?"

ಇದು ಅರ್ಜಿ ಕೊಡುವ ಜಾಗವಲ್ಲ, ಪ್ರಶ್ನೆ ಇದ್ದರೆ ಕೇಳಮ್ಮ ಎಂದು ಅಧಿಕಾರಿ ಹೇಳಿದ. ಮೂರನೆಯ ಮಂತ್ರಿಗೆ ಬೇರೆಯೇ ಮಾತು ಚುಚ್ಚಿತ್ತು. "ಅಂದರೆ, ಇಷ್ಟು ವರ್ಷ ನೀವೆಲ್ಲ ನಮ್ಮ ಹೆಸರು ತುಳಿದುಕೊಂಡು ಓಡಾಡಿದಿರಾ?" ಎಂದ.

ಹೆಂಗಸು ನಾಲಿಗೆ ಕಚ್ಚಿಕೊಂಡಳು. "ಅಕ್ಷರಾನ ಹಾಗೆ ತುಳಿಯೋದುಂಟೇ ಸ್ವಾಮಿ? ದಿನಾ ಮೊದಲು ಬಗ್ಗಿ ಮುಟ್ಟಿ, ಕಣ್ಣಿಗೆ ಒತ್ತಿಕೊಂಡು ಆಮೇಲೆ ಕಾಲಿಡೋದು. ನಮ್ಮತ್ತೆ ಹಾಗೇ ಮಾಡೋರು. ನಾವೂ ಹಾಗೇ, ಶಾಲೆ ಮಕ್ಕಳೂ ಹಾಗೇ."

ಮಂತ್ರಿಯ ಮುಖ ಅರಳಿತು. ಮೂವತ್ತು ವರ್ಷ ದಿನಾ ಬೆಳಗ್ಗೆ ಒಂದು ಊರಿಗೆ ಊರೇ ಬಗ್ಗಿ ತನಗೆ ನಮಸ್ಕಾರ ಮಾಡಿದ್ದು ಅವನ ಕಣ್ಣ ಮುಂದೆ ಬಂದಿರಬೇಕು. "ಹಾಗಾದರೆ ನಮ್ಮ ಹೆಸರು ಇನ್ನೂ ನಿಮ್ಮ ಮನಸ್ಸಿನಲ್ಲಿದೆ," ಎಂದ.

"ಯಾರ ಹೆಸರೋ ನಂಗೊತ್ತಿಲ್ಲ ಸ್ವಾಮಿ, ಓದಕ್ಕೆ ಬರಲ್ಲ. ಅಕ್ಷರ ಅಂದ್ರೆ ಸರಸ್ವತಿ ಅಂತ ಗೊತ್ತು. ಕಲ್ಲು ನಮ್ಮನ್ನ ಹೊತ್ತುಕೊಂಡು ದಾಟಿಸ್ತದೆ ಅಂತ ಗೊತ್ತು," ಎಂದಳು ಅವಳು.

ಕೋಲಿನ ಮುದುಕ, ಮೊದಲ ಕಲ್ಲು ನೆಟ್ಟವನು, ಎದ್ದ. ತನ್ನ ಕಲ್ಲಿನ ಬಳಿ ಹೋದ. ಹೆಸರಿನ ಅರ್ಧಕ್ಕರ್ಧ ಸವೆದು ನುಣ್ಣಗಾಗಿತ್ತು. ಎಷ್ಟು ಪಾದಗಳು, ಎಷ್ಟು ಕೈಗಳು ಎಂದು ಅವನು ಎಣಿಸಲಾರದೆ ನಿಂತ. ಅಷ್ಟು ವರ್ಷ ಗದ್ದುಗೆಯಲ್ಲಿ ಕೂತಾಗಲೂ ಅವನು ಇಷ್ಟು ದೊಡ್ಡದರ ಮುಂದೆ ನಿಂತಿರಲಿಲ್ಲ. ಮುಟ್ಟಬಾರದು ಎಂದು ಬರೆದದ್ದನ್ನು ದಾಟಿ ಕಲ್ಲು ಮುಟ್ಟಿದ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡ.

"ನಾನು ನೆಟ್ಟಿದ್ದು ಬರೀ ಕಲ್ಲು ತಾಯಿ," ಎಂದ ಅವನು ಹೆಂಗಸಿಗೆ. "ಅದನ್ನು ಕೆಲಸಕ್ಕೆ ಹಚ್ಚಿದವರು ನೀವು. ನನ್ನ ಹೆಸರಿನಲ್ಲಿ ನಡೆದ ಒಂದೇ ಒಳ್ಳೆಯ ಕೆಲಸ ಇದು. ಅದನ್ನೂ ನಾನು ಮಾಡಲಿಲ್ಲ." ಅಧಿಕಾರಿಯ ಕಡೆ ತಿರುಗಿ, ಲಾರಿ ತರಿಸಿ ಎಂದ. ಕಿವಿ ಮಂದವಾದವನಿಗೆ ಪಕ್ಕದವರು ವಿಷಯ ಹೇಳಿದರು, ಅವನೂ ಎದ್ದು ತನ್ನ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಕೊನೆಗೆ ಮೂರನೆಯವನೂ ಎದ್ದ.

ನಾಲ್ಕನೆಯ ದಿನ ಕಲ್ಲುಗಳು ಹಳ್ಳಕ್ಕೆ ಮರಳಿದವು. ಐದನೆಯ ದಿನ ಮಳೆ ಹಿಡಿಯಿತು. ಒಂಬತ್ತನೆಯ ದಿನ ಸೊಸೆಯನ್ನು ಮಂಚದ ಮೇಲೆ ಮಲಗಿಸಿ ನಾಲ್ವರು ಹೊತ್ತರು. ಕಲ್ಲಿನ ಎರಡೂ ಕಡೆ ಕೆಂಪು ನೀರು ನೊರೆ ಕಾರುತ್ತ ಹರಿಯುತ್ತಿತ್ತು. ಹೊತ್ತವರ ಕೈಗೆ ಬಿಡುವಿರಲಿಲ್ಲವಾದ್ದರಿಂದ ಅತ್ತೆಯೇ ಮುಂದೆ ಬಂದು ಎಲ್ಲರ ಪರವಾಗಿ ಕಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ದಾಟಿದರು. ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು, ಉಳಿಯಿತು. ಸೇತುವೆಗಾಗಿ ಆ ಮೂವರೂ ಸೇರಿ ಒಂದೇ ಕಾಗದದಲ್ಲಿ ಅರ್ಜಿ ಬರೆದರು. ಅದು ಈಗ ಯಾರ ಮೇಜಿನ ಮೇಲಿದೆಯೋ ತಿಳಿಯದು.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು. ಅವನು ಕೇಳಿದ: "ಗುರುಗಳೇ, ಮೊದಲು ಎದ್ದು ಕಲ್ಲು ಮುಟ್ಟಿದ ಆ ಹಿರಿಯರ ಹೆಸರೇನು?"

"ಆ ಕಲ್ಲಿನ ಮೇಲೆ ನಾನು ನೂರು ಸಲ ಹಳ್ಳ ದಾಟಿದ್ದೇನೆ," ಎಂದರು ಗುರು, "ಓದಬೇಕೆಂದು ಒಮ್ಮೆಯೂ ತೋಚಲಿಲ್ಲ."