ಕುದಿ ನಿಲ್ಲಿಸುವ ಸ್ವಿಚ್ಚು

"ಗುರುಗಳೇ, ವಾರಕ್ಕೆರಡು ಸಲ ಒಲೆ ಆರಿಸಿ ಕೂರುವವಳನ್ನು ಅಡಿಗೆಮನೆಯಲ್ಲಿ ಎಷ್ಟು ದಿನ ಇಟ್ಟುಕೊಳ್ಳಬೇಕು?"

ಕೇಳಿದವನು ಆಶ್ರಮದ ಅಡಿಗೆಮನೆ ನೋಡಿಕೊಳ್ಳುತ್ತಿದ್ದ ಶಿಷ್ಯ ಮುರಿಗೆಪ್ಪ. ಅವನಿಗೆ ಸಿಟ್ಟು ನೆತ್ತಿಗೇರಿತ್ತು. ಹಿತ್ತಾಳೆ ಹಂಡೆಯ ಒಳಮೈಯ ತವರದ ಕಲಾಯಿ ಹೋಗಿದೆ, ಇದರಲ್ಲಿ ಹುಳಿ ಕುದಿಸಿದರೆ ವಿಷವಾಗುತ್ತದೆ ಎಂದು ಅಡಿಗೆಯ ನೀಲವ್ವ ಅಂದೂ ಬೆಂಕಿ ಆರಿಸಿದ್ದಳು. ಇನ್ನೂರು ಜನ ಎಲೆಯ ಮುಂದೆ ಕಾದಿದ್ದರು. ನಾಳೆಯೇ ಅವಳನ್ನು ಊರಿಗೆ ಕಳಿಸುತ್ತೇನೆ, ಅಪ್ಪಣೆ ಕೊಡಿ ಎಂದ.

ಗುರುಗಳು ಅಪ್ಪಣೆ ಕೊಡಲಿಲ್ಲ. ಕತೆ ಹೇಳಿದರು.

ಒಬ್ಬ ಗೃಹಸ್ಥನಿಗೆ ಮನೆಯಲ್ಲೇ ಬೀರು ಮಾಡುವ ಹುಚ್ಚು ಹಿಡಿಯಿತು. ಅದು ಸರಿಯೋ ತಪ್ಪೋ, ಈಗ ಆ ಮಾತು ಬೇಡ. ಮೊಳಕೆ ಬರಿಸಿದ ಬಾರ್ಲಿಯ ರಸವನ್ನು ಒಂದು ಗಂಟೆ ಎಡೆಬಿಡದೆ ಕುದಿಸಬೇಕು. ಗ್ಯಾಸಿನ ಒಲೆ ಸಾಲಲಿಲ್ಲ. ಅವನು ವೈರ್‌ಮನ್ ಒಬ್ಬನನ್ನು ಕರೆಸಿ, ದೊಡ್ಡ ಸ್ಟೀಲ್ ಪಾತ್ರೆಗೆ ಕರೆಂಟಿನ ಕಾಯಿಲ್ ಕೂರಿಸಲು ಹೇಳಿದ.

ವೈರ್‌ಮನ್ ಕೆಲಸ ಬಲ್ಲವನು. ಅಡಿಗೆಮನೆಯ ಪ್ಲಗ್ಗನ್ನು ನಂಬದೆ ಮೀಟರ್ ಬೋರ್ಡಿನಿಂದಲೇ ದಪ್ಪ ತಂತಿ ಎಳೆದ. ಹಿತ್ತಲಲ್ಲಿ ಗುಂಡಿ ತೋಡಿ ಉಪ್ಪು, ಇದ್ದಿಲು ತುಂಬಿದ. ಪಾತ್ರೆಯ ಮೈಗೆ ಹಸಿರು ತಂತಿ ಬಿಗಿದು ಸೋರಿದ ಕರೆಂಟು ನೆಲಕ್ಕೆ ಹೋಗಲೆಂದು ಅದನ್ನು ಆ ಗುಂಡಿಗೆ ಇಳಿಸಿದ. ಕರೆಂಟು ದಾರಿ ತಪ್ಪಿ ಸೋರಿದರೆ ಆ ಕ್ಷಣವೇ ಬಿದ್ದು ಕರೆಂಟು ಕಡಿಯುವಂಥ ಟ್ರಿಪ್ ಸ್ವಿಚ್ಚು ಹಾಕಿದ. ಪಾತ್ರೆಯನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ ಎಂದು ಎರಡು ಸಲ ಹೇಳಿ ಹೋದ.

ಗೃಹಸ್ಥ ಕಂಠಮಟ್ಟ ತುಂಬಿದ. ನೊರೆ ಉಕ್ಕಿ ಕಾಯಿಲಿನ ಬುಡಕ್ಕೆ ಇಳಿಯಿತು. ಸ್ವಿಚ್ಚು ಬಿತ್ತು, ಕುದಿ ನಿಂತಿತು. ಎತ್ತಿದ, ಮತ್ತೆ ಬಿತ್ತು. ಆ ಸಲದ ಬೀರು ಕೆಟ್ಟಿತು. ಕುಡಿದ ಗೆಳೆಯರು, ಇದು ಕಾಲು ತೊಳೆಯಲು ಲಾಯಕ್ಕು ಎಂದು ನಕ್ಕರು. ಆ ನಗು ಅವನನ್ನು ಚುಚ್ಚಿತು. ವೈರ್‌ಮನ್‌ಗೆ ಹೇಳಿಕಳಿಸಿ, ಬಾಗಿಲಲ್ಲೇ ನಿಲ್ಲಿಸಿ ಬೈದ.

"ನಿನ್ನನ್ನು ಕರೆದದ್ದು ರಸ ಕುದಿಸುವುದಕ್ಕಯ್ಯ, ನನ್ನ ಮನೆಯೊಳಗೆ ಅಮಲ್ದಾರನನ್ನು ಕೂರಿಸುವುದಕ್ಕಲ್ಲ."

"ಅದಕ್ಕೆ ನಿಮ್ಮ ಮೇಲೆ ಹಗೆಯಿಲ್ಲ ಸ್ವಾಮಿ. ಸೋರುತ್ತಿದೆ ಎಂದು ಹೇಳುತ್ತಿದೆ. ಒಂದು ಬಿಂದಿಗೆ ಕಡಿಮೆ ಹಾಕಿ, ಅದರ ಪಾಡಿಗೆ ಅದು ಇರುತ್ತದೆ."

ಒಂದು ಬಿಂದಿಗೆ ಬಿಡಲು ಗೃಹಸ್ಥನಿಗೆ ಮನಸ್ಸಿರಲಿಲ್ಲ. ವೈರ್‌ಮನ್ ಬೆನ್ನು ತಿರುಗಿಸಿದ್ದೇ ತಡ, ತಾನೇ ಹೋಗಿ ಹಸಿರು ತಂತಿಯನ್ನು ಕತ್ತರಿಸಿದ. ಮುಂದಿನ ಸಲ ನೊರೆ ಉಕ್ಕಿದಾಗ ಸೋರಿದ ಕರೆಂಟು ನೆಲದ ದಾರಿ ಕಾಣದೆ ಪಾತ್ರೆಯಲ್ಲೇ ಉಳಿಯಿತು, ಸ್ವಿಚ್ಚು ಬೀಳಲಿಲ್ಲ. ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡ.

ಉಕ್ಕಿದ್ದನ್ನು ಒರೆಸಲು ಹೆಂಡತಿ ಬಂದಳು. ಅವಳ ಮೊಣಕೈ ಪಾತ್ರೆಗೆ ತಗುಲಿತು. ಯಾರೋ ಒದ್ದಂತೆ ಹಿಂದಕ್ಕೆ ಬಿದ್ದಳು. ಅದೇ ಗಳಿಗೆಯಲ್ಲಿ ಸ್ವಿಚ್ಚು ಬಿತ್ತು. ಅವಳು ಬದುಕಿದಳು, ಕುದಿ ನಿಂತಿತು. ಗೃಹಸ್ಥ ಮೊದಲು ನೋಡಿದ್ದು ಪಾತ್ರೆಯನ್ನು.

ಸತ್ತೇ ಹೋಗುತ್ತಿದ್ದೆನಲ್ಲರೀ ಎಂದು ಅವಳು ಅತ್ತಳು. ನಾನೂ ಮುಟ್ಟುತ್ತಲೇ ಇದ್ದೇನೆ, ನನಗೇನಾಗಿದೆ, ಎಲ್ಲ ನಿನ್ನ ಪುಕ್ಕಲುತನ ಎಂದು ಅವನು ಗದರಿದ. ಅವನು ಮುಟ್ಟುತ್ತಿದ್ದದ್ದು ಒಣ ಮಣೆಯ ಮೇಲೆ ನಿಂತು. ಒಲೆಯಿರುವಲ್ಲಿ ಚಪ್ಪಲಿ ಮೆಟ್ಟಬಾರದೆಂದು ತಾಯಿಯಿಂದ ಕಲಿತವಳು ಅವಳು. ಒದ್ದೆ ನೆಲದ ಮೇಲೆ ಬರಿಗಾಲು.

ಇಲ್ಲಿ ಗುರುಗಳ ದನಿ ಏರಿತು. ಹೆಂಡತಿಯನ್ನು ಉಳಿಸಿದ್ದು ಯಾವುದು ಎಂದು ಆ ಮೂರ್ಖ ಕೇಳಿಕೊಳ್ಳಲಿಲ್ಲ. ಕುದಿ ನಿಲ್ಲಿಸಿದ್ದು ಯಾವುದು ಎಂದಷ್ಟೇ ಕೇಳಿಕೊಂಡ. ಸ್ಕ್ರೂಡ್ರೈವರ್ ತಂದು ಟ್ರಿಪ್ ಸ್ವಿಚ್ಚನ್ನು ಕಿತ್ತ. ತಂತಿಗೆ ತಂತಿ ಹೊಸೆದು ಟೇಪು ಸುತ್ತಿದ. ಇನ್ನು ನನ್ನನ್ನು ತಡೆಯುವವರಿಲ್ಲ ಎಂದ.

ಮುಂದಿನ ಭಾನುವಾರ ಗೆಳೆಯರನ್ನು ಪಡಸಾಲೆಯಲ್ಲಿ ಕೂರಿಸಿ ಹರಟುತ್ತಿದ್ದ. ಒಳಗೆ ಕಂಠಮಟ್ಟ ರಸ. ನೊರೆ ಉಕ್ಕಿತು. ಒರೆಸು ಎಂದು ಕೂತಲ್ಲಿಂದಲೇ ಕೂಗಿದ. ಅವಳು ಬಟ್ಟೆ ಹಿಡಿದು ಹೋದಳು. ಪಾತ್ರೆಯ ಬಳಿಯೇ ಸತ್ತಳು. ಪಡಸಾಲೆಯವರಿಗೆ ತಿಳಿಯಲೂ ಇಲ್ಲ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಮುರಿಗೆಪ್ಪ ತಡೆಯಲಾರದೆ, ಆಮೇಲೆ ಏನಾಯಿತು ಎಂದು ಕೇಳಿದ.

"ಆ ದಿನ ರಸ ಒಂದು ಗಂಟೆ ನಿಲ್ಲದೆ ಕುದಿಯಿತು."

ಮುರಿಗೆಪ್ಪ ಎದ್ದು ಹೋಗಿ, ಹಂಡೆಗೆ ಕಲಾಯಿ ಹಾಕುವವನಿಗೆ ಹೇಳಿಕಳಿಸಿದ.