ಎಮ್ಮೆಯನ್ನು ವಾಪಸ್ ಹೊತ್ತವಳು

ಈ ಕಥೆಯನ್ನು ನನಗೆ ಮೊದಲು ಹೇಳಿದ್ದು ಐರಿನ್ ಟೀಚರ್. ನಲವತ್ತು ದಾಟಿದ ಮೇಲೆ ಈಜು ಕಲಿಯಲು ಹೋದ ನಮ್ಮಂಥವರಿಗೆ ನೀರಿಗಿಂತ ಹೆಚ್ಚು ಕಥೆ ಕುಡಿಸಿದವರು ಅವರು.

ನದಿ ಕಡಲು ಸೇರುವ ಅಳಿವೆಯ ಪಕ್ಕ ಒಂದು ಆಶ್ರಮವಿತ್ತಂತೆ. ಅಲ್ಲಿನ ಗುರು ವಾರಿಜಮ್ಮ. ಗಡ್ಡ, ಜಟೆ ಊಹಿಸಿಕೊಳ್ಳಬೇಡಿ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಅರವತ್ತರ ಹೆಂಗಸು.

ಬೇರೆ ಆಶ್ರಮಗಳಲ್ಲಿ ಕೂತು ಧ್ಯಾನ ಮಾಡುತ್ತಾರೆ. ಇಲ್ಲಿ ನಿಂತು. ಅದೂ ನೀರಿನ ಮೇಲೆ ತೇಲುವ ಹಲಗೆಯಂಥ ಬೋರ್ಡಿನಲ್ಲಿ, ಕೈಯಲ್ಲಿ ಉದ್ದನೆಯ ಹುಟ್ಟು ಹಿಡಿದು.

ಕೊಟ್ಟಿಗೆಯಲ್ಲಿ ಮೂರು ಜಾತಿಯ ಬೋರ್ಡುಗಳಿದ್ದವು. ಎಮ್ಮೆ ಎಂದರೆ ಉದ್ದ, ಅಗಲ, ದಪ್ಪ. ಸಣ್ಣ ಅಲೆಯಲ್ಲಿ ಅದರ ಮೇಲೆ ನಿಂತು ಚಹಾ ಕುಡಿಯಬಹುದು. ಕೊಕ್ಕರೆ ಎಂದರೆ ಚೂಪು ಮೂತಿ. ಅಲೆಯಿಲ್ಲದ ನೀರಿನಲ್ಲಿ ದೂರ ಹೋಗಲಿಕ್ಕೆ. ಕೋತಿ ಗಿಡ್ಡ, ಮೂತಿ ಮೇಲಕ್ಕೆ ಬಾಗಿದ್ದು. ಎದ್ದ ಅಲೆಯಲ್ಲಿ ಅದು ಹೇಳಿದ ಕಡೆ ತಿರುಗುತ್ತದೆ. ನೀರು ಸುಮ್ಮನಿದ್ದರೆ ಅದು ಸುಮ್ಮನಿರುವುದಿಲ್ಲ.

ಯಾವ ಬೋರ್ಡ್ ಎಂದು ಗುರು ಯಾರಿಗೂ ಹೇಳುತ್ತಿರಲಿಲ್ಲ. ನೀರು ನೋಡಿ ಶಿಷ್ಯರೇ ಆರಿಸಬೇಕು. ಒಮ್ಮೆ ಮುಟ್ಟಿದ ಬೋರ್ಡನ್ನು ನೀರಿನವರೆಗೆ ಹೊರಲೇಬೇಕು. ಅದನ್ನು ಬಿಟ್ಟು ಆ ದಿನ ಇನ್ನೊಂದನ್ನು ಮುಟ್ಟುವ ಹಾಗಿಲ್ಲ.

ಹರಿಣಾಕ್ಷಿ ಎಂಬ ಶಿಷ್ಯೆ ಸೇರಿದ ಹೊಸತರಲ್ಲಿ ಕೋತಿಯನ್ನೇ ಆರಿಸಿದಳು. ಅದು ಚಂದ ಇತ್ತು. ನದಿಯಲ್ಲಿ ಒಂದು ಸುಕ್ಕೂ ಇರಲಿಲ್ಲ. ನಿಂತಳು, ಬಿದ್ದಳು. ಮತ್ತೆ ನಿಂತಳು, ಮತ್ತೆ ಬಿದ್ದಳು.

ದಡದಿಂದ ವಾರಿಜಮ್ಮ ಕೇಳಿದರು: "ಅದರಲ್ಲಿ ಕೋತಿ ಯಾವುದು ಮಾರಾಯ್ತಿ, ಮೇಲಿನದ್ದಾ ಕೆಳಗಿನದ್ದಾ?"

"ಮೊದಲೇ ಹೇಳಬಹುದಿತ್ತಲ್ಲ ಅಮ್ಮ!"

"ಊಟಕ್ಕೆ ಕೂತಾಗ ನಿನಗೆ ಎಷ್ಟು ಹಸಿವು ಅಂತ ನಾನು ಹೇಳುವುದುಂಟಾ?"

ಇನ್ನೊಂದು ಬಾರಿ ಎದ್ದ ಅಲೆಗೆ ಎಮ್ಮೆಯನ್ನು ಒಯ್ದಳು. ಎಮ್ಮೆ ತಿರುಗಲಿಲ್ಲ. ಅಲೆ ಇಬ್ಬರನ್ನೂ ಮಗುಚಿ ಮರಳಿಗೆ ತಂದು ಹಾಕಿತು. ಹರಿಣಾಕ್ಷಿ ಬಾಯಿಯಿಂದ ಮರಳು ಉಗಿಯುತ್ತ ಬೋರ್ಡಿಗೆ ಬೈದಳು.

"ಅದಕ್ಕೆ ಬೈಬೇಡ," ಅಂದರು ವಾರಿಜಮ್ಮ. "ಅದನ್ನು ಅಲ್ಲಿಗೆ ಕರಕೊಂಡು ಹೋದವರು ಯಾರು?"

ಹಾಗೆ ಬಿದ್ದು ಬಿದ್ದು ಕಲಿತಳು. ಗಾಳಿ ಎತ್ತಲಿನದು, ಭರತವೋ ಇಳಿತವೋ, ಅಲೆ ಎಲ್ಲಿ ಒಡೆಯುತ್ತದೆ ಎಂದೆಲ್ಲ ನೋಡತೊಡಗಿದಳು. ಬೀಳುವುದು ಕಡಿಮೆಯಾಯಿತು. ಆಗ ಹೊಸ ಆಸೆ ಹುಟ್ಟಿತು.

"ಅಮ್ಮ, ನಾನು ಯಾವಾಗ ಬೇರೆಯವರಿಗೆ ಕಲಿಸಬಹುದು?"

"ನಾಳೆ ಸುಕೇಶ ಅಂತ ಒಬ್ಬ ಬರ್ತಾನೆ. ಅವನಿಗೆ ಬೋರ್ಡ್ ಆರಿಸಿ ಕಡಲಿಗೆ ಕರಕೊಂಡು ಹೋಗು. ಆಮೇಲೆ ನೋಡುವ."

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಅಷ್ಟು ಬೇಕಿತ್ತು ಅವಳಿಗೆ ಅದು.

ಸುಕೇಶ ಬಂದ. ದೊಡ್ಡ ಆಳು, ದೊಡ್ಡ ಉತ್ಸಾಹ. ಈಜು ಮಾತ್ರ ಅಷ್ಟಕ್ಕಷ್ಟೆ.

"ಅಕ್ಕ, ಬೋರ್ಡ್ ಹೇಗೂ ತೇಲ್ತದಲ್ಲ?" ಅಂದ.

"ಬೋರ್ಡ್ ತೇಲ್ತದೆ," ಅಂದಳು ಹರಿಣಾಕ್ಷಿ.

ಕಡಲು ನೋಡಿದಳು. ಮೊಣಕಾಲೆತ್ತರದ ಅಲೆಗಳು, ಬೆಕ್ಕಿನ ಮರಿಗಳ ಹಾಗೆ ಬಂದು ದಡ ನೆಕ್ಕಿ ಹೋಗುತ್ತಿದ್ದವು. ಎಮ್ಮೆಯೇ ಸರಿ. ಮುಟ್ಟಿದಳು. ಇಬ್ಬರೂ ಸೇರಿ ಹೊತ್ತು ತಂದರು.

ನೀರಿನ ಅಂಚಿಗೆ ಬರುವಷ್ಟರಲ್ಲಿ ದೂರದಲ್ಲಿ ಒಂದು ಕಪ್ಪು ಗೆರೆ ಎದ್ದಿತು. ಅದರ ಹಿಂದೆ ಇನ್ನೊಂದು. ಹತ್ತಿರ ಬಂದಾಗ ಒಂದೊಂದೂ ಸುಕೇಶನ ತಲೆಗಿಂತ ಎತ್ತರವಿತ್ತು. ಒಡೆದ ಸದ್ದಿಗೆ ಕಾಲಡಿಯ ಮರಳು ನಡುಗಿತು.

ಆಮೇಲೆ ಮತ್ತೆ ಬೆಕ್ಕಿನ ಮರಿಗಳು.

"ಹೋಯ್ತಲ್ಲ ಅಕ್ಕ, ದೊಡ್ಡದು. ಬನ್ನಿ, ಇಳಿಯುವ."

ಹರಿಣಾಕ್ಷಿ ಅಲ್ಲೇ ನಿಂತಳು. ಹೋದದ್ದು ಹೋದದ್ದೋ, ಉಸಿರು ತೆಗೆದುಕೊಳ್ಳಲು ನಿಂತದ್ದೋ? ಬೋರ್ಡ್ ಮುಟ್ಟುವ ಮೊದಲು ತಾನು ನೋಡಿದ್ದು ಕಡಲನ್ನೋ, ಕಡಲಿನ ಬಿಡುವನ್ನೋ? ನದಿಗೆ ಹೋಗೋಣವೆಂದರೆ ಇಳಿತ; ಅಳಿವೆಯ ನೀರೆಲ್ಲ ಕಡಲಿಗೆ ಎಳೆಯುತ್ತಿತ್ತು.

ಗುರುವಿನ ಕಡೆ ನೋಡಿದಳು. ವಾರಿಜಮ್ಮ ಚಾಪೆಯ ಮೇಲೆ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

ಉಳಿದ ಶಿಷ್ಯರೆಲ್ಲ ಕೊಟ್ಟಿಗೆಯ ಮುಂದೆ ಸಾಲಾಗಿ ನಿಂತು ನೋಡುತ್ತಿದ್ದರು.

"ಸುಕೇಶ, ಎತ್ತು."

"ಎಲ್ಲಿಗೆ?"

"ವಾಪಸ್."

"ನೀರೇ ಮುಟ್ಟಲಿಲ್ಲ!"

"ಎತ್ತು ಅಂದೆ."

ದಡದ ಏರಿನಲ್ಲಿ ಮರಳು ಕಾಲನ್ನು ಬಿಡುತ್ತಿರಲಿಲ್ಲ. ಕೊಟ್ಟಿಗೆಯ ಹತ್ತಿರ ಒಬ್ಬ ಕೇಳಿದ: "ಎಂತ ಹರಿಣಾಕ್ಷಿ, ಎಮ್ಮೆಗೆ ನೆಗಡಿಯಾ?" ಎಲ್ಲರೂ ನಕ್ಕರು. ಅವಳು ಬೋರ್ಡನ್ನು ಜಾಗದಲ್ಲಿಟ್ಟು ವಾರಿಜಮ್ಮನ ಎದುರು ಬಂದು ನಿಂತಳು.

"ತಪ್ಪು ಆರಿಸಿದೆ ಅಮ್ಮ. ಕಡಲು ಸುಮ್ಮನಿದ್ದಾಗ ನೋಡಿ ಮುಟ್ಟಿಬಿಟ್ಟೆ."

"ಮುಟ್ಟಿದ್ದನ್ನು ನೀರಿನವರೆಗೆ ಹೊತ್ತೆಯಾ?"

"ಹೊತ್ತೆ."

"ವಾಪಸ್?"

"ಅದನ್ನೂ ಹೊತ್ತೆ."

"ಯಾವುದು ಭಾರ?"

ಹರಿಣಾಕ್ಷಿಯ ಕಣ್ಣು ತುಂಬಿತು. "ಒಣ ಬೋರ್ಡು ಇಷ್ಟು ಭಾರ ಅಂತ ಗೊತ್ತಿರಲಿಲ್ಲ," ಅಂದಳು. "ಇನ್ನೊಂದು ವರ್ಷ ಕಲೀತೇನೆ, ಬಿಡಿ."

ಆಗ ಕಡಲು ಮತ್ತೆ ಎದ್ದಿತು. ಈ ಸಲದ ಅಲೆಗಳು, ಅವರಿಬ್ಬರೂ ಇಳಿದಿದ್ದರೆ ಎಲ್ಲಿರುತ್ತಿದ್ದರೋ ಸರಿಯಾಗಿ ಅಲ್ಲೇ ಒಡೆದವು. ನಗುತ್ತಿದ್ದವರು ನಗು ನಿಲ್ಲಿಸಿದರು. ಸುಕೇಶ ಒಂದು ಹೆಜ್ಜೆ ಹಿಂದೆ ಸರಿದ.

ವಾರಿಜಮ್ಮ ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿದರು. ಶಿಷ್ಯರನ್ನು ಯಾವಾಗಲೂ ಎದುರಿಗೆ ಕೂರಿಸುತ್ತಿದ್ದವರು, ಈಗ ಚಾಪೆಯಲ್ಲಿ ತಮ್ಮ ಪಕ್ಕ ಜಾಗ ಮಾಡಿದರು.

"ಈಚೆ ಕೂತ್ಕೋ. ದಂಟು ನಿನಗೆ, ಎಲೆ ನನಗೆ."

ಹರಿಣಾಕ್ಷಿ ಕೂತಳು. ಒಂದು ದಂಟು ಎತ್ತಿಕೊಂಡಳು.

ಸುಕೇಶ ತಲೆ ಕೆರೆದುಕೊಂಡು ವಾರಿಜಮ್ಮನನ್ನೇ ಕೇಳಿದ: "ಹಾಗಾದರೆ ಇಂಥಾ ಅಲೆಗೆ ಯಾವ ಬೋರ್ಡ್ ಸರಿ ಅಮ್ಮ?"

"ನನ್ನನ್ನು ಎಂತಕ್ಕೆ ಕೇಳ್ತಿ? ನಿನ್ನ ಗುರು ಇಲ್ಲಿ ಕೂತಿದ್ದಾಳೆ, ಅವಳನ್ನು ಕೇಳು. ತಿಳಿದ ಮೇಲೆ ನಿನ್ನಲ್ಲೇ ಇಟ್ಟುಕೊಳ್ಳಬೇಡ. ನಿನ್ನ ಹಿಂದೆ ಬರುವವರೂ ಕಡಲಿಗೇ ಬರುವುದು."