ಬೋಗಾರ ಓಣಿಯ ಮೌನೇಶಪ್ಪ ಕಟ್ಟಿದ ವಿಮಾನ

ಬಹಳ ಹಿಂದೆ, ಕಂಪ್ಯೂಟರಿನ ಬೆನ್ನು ಜೋಳದ ಚೀಲದಂತೆ ಉಬ್ಬಿಕೊಂಡಿದ್ದ ಕಾಲದಲ್ಲಿ, ಒಂದೂರಿನಲ್ಲಿ ಒಂದು ಬೋಗಾರ ಓಣಿ ಇತ್ತು. ಓಣಿ ತುಂಬ ಪಾತ್ರೆ ಅಂಗಡಿಗಳು. ಅಲ್ಲಿ ಮೌನೇಶಪ್ಪ ಪತ್ತಾರ ಎಂಬವನು ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದ. ಮದುವೆಗೆ ಕೊಡ ಕೊಟ್ಟವರ ಹೆಸರು, ಗೃಹಪ್ರವೇಶಕ್ಕೆ ಪರಾತ ಕೊಟ್ಟವರ ಹೆಸರು. ಊರಿನ ಅರ್ಧ ಅಡುಗೆಮನೆಗಳಲ್ಲಿ ಅವನ ಅಕ್ಷರ ಇತ್ತು, ಅವನ ಹೆಸರು ಒಂದರಲ್ಲೂ ಇರಲಿಲ್ಲ.

ಅದು ಹೊಟ್ಟೆಪಾಡು. ಅವನ ಜೀವ ಇದ್ದದ್ದು ಬೇರೆ ಕಡೆ. ಕೂತಲ್ಲೇ ವಿಮಾನ ಹಾರಿಸುವ ಆಟವೊಂದು ಆಗ ಕಂಪ್ಯೂಟರಿನಲ್ಲಿ ಬಂದಿತ್ತು, ಸಿಮ್ಯುಲೇಟರ್ ಅನ್ನುತ್ತಿದ್ದರು. ಅದರೊಳಗೆ ಹಾರಿಸಲು ಮೌನೇಶಪ್ಪ ಕಂಪ್ಯೂಟರಿನಲ್ಲೇ ಗೆರೆ ಗೆರೆ ಎಳೆದು ವಿಮಾನ ಕಟ್ಟುತ್ತಿದ್ದ. ಒಂದೊಂದು ರೆಕ್ಕೆಗೆ ನಾಲ್ಕು ಸಾವಿರ ರಿವೆಟ್ ಮೊಳೆ ಕೂರಿಸುತ್ತಿದ್ದನಂತೆ, ಯಾರಿಗೂ ಕಾಣದ ವಿಮಾನದ ಹೊಟ್ಟೆಯ ಅಡಿಯಲ್ಲೂ. ಅವನ ವಿಮಾನ ಏರಿದರೆ ಓಣಿಯ ಹಂಡೆಗಳೆಲ್ಲ ಗುಂಯ್ ಎನ್ನುತ್ತಿದ್ದವು ಎಂದೂ ಹೇಳುತ್ತಾರೆ. ಇದನ್ನು ನಾನು ನಂಬುವುದಿಲ್ಲ. ನೀವು ಬೇಕಾದರೆ ನಂಬಿ.

ಕಟ್ಟಿದ್ದನ್ನು ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತಿದ್ದ. ದೊಡ್ಡ ಊರಿನ ಕಂಪನಿಯವನೊಬ್ಬ ಬಂದು, ನಮಗೆ ಮಾರು, ನಿನ್ನ ಹೆಸರನ್ನೂ ಹಾಕಿಸುತ್ತೇವೆ ಎಂದನಂತೆ. ಮೌನೇಶಪ್ಪ ಕೈಯಲ್ಲಿದ್ದ ಉಳಿಯನ್ನು ಕೆಳಗಿಡಲೂ ಇಲ್ಲವಂತೆ.

"ಹೆಸರು ಕೊರದ್ರ ಅದು ಮುಯ್ಯಿ ಆಗ್ತದರಿ. ಇಸ್ಕೊಂಡವ್ರು ತಿರುಗಿ ಕೊಡಬೇಕಾಗ್ತದ. ಇದು ಅರವಟ್ಟಿಗಿ ನೀರು. ಕುಡದು ಹೋಗ್ರಿ," ಎಂದನಂತೆ.

ಹುಚ್ಚು ಎಂದರು ಜನ. ಹುಚ್ಚೇ ಇರಬೇಕು. ಹುಚ್ಚಿಲ್ಲದವರು ಯಾರಾದರೂ ಹೊಟ್ಟೆಯ ಅಡಿಯ ರಿವೆಟ್ ಎಣಿಸುತ್ತಾರೆಯೇ?

ಅದೇ ಊರಿನಲ್ಲಿ ಮಾಧವರಾಯರು ಎಂಬ ಮುದುಕರಿದ್ದರು. ಪ್ರಾಯದಲ್ಲಿ ಹತ್ತಿ ಹೊಲಗಳಿಗೆ ಔಷಧಿ ಸಿಂಪಡಿಸುವ ಪುಟ್ಟ ವಿಮಾನ ಹಾರಿಸಿದವರು. ಆ ವಿಮಾನ ಎಂದೋ ಗುಜರಿಗೆ ಹೋಗಿತ್ತು. ಹೆಂಡತಿ ಅಂಬಾಬಾಯಿ ತೀರಿಕೊಂಡಿದ್ದರು. ಈಗ ಕಣ್ಣೂ ಹೊರಟು ನಿಂತಿತ್ತು. ಯುಗಾದಿಯವರೆಗೆ ಬೆಳಕು ಉಳಿದರೆ ಹೆಚ್ಚು ಎಂದಿದ್ದರಂತೆ ವೈದ್ಯರು. ರಾಯರು ಓಣಿಗೆ ಬಂದು ಕೇಳಿದ್ದು ಒಂದೇ. ಕಣ್ಣಿನ ಬೆಳಕು ಆರುವುದರೊಳಗೆ ಆ ವಿಮಾನವನ್ನು ಆಟದಲ್ಲಾದರೂ ಒಂದು ಸಲ ಹಾರಿಸಿ, ತಮ್ಮ ಕೈಯಾರೆ ಇಳಿಸಬೇಕು.

ನೋಡಿ ಕಟ್ಟಲು ಆ ವಿಮಾನದ ಒಳಗಿನ ಚಿತ್ರ ಎಲ್ಲೂ ಸಿಗಲಿಲ್ಲ. ಮೌನೇಶಪ್ಪ ಏನು ಮಾಡಿದ? ರಾಯರನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಹಾರಿಸಿರಿ ಎಂದ. ರಾಯರ ಕೈ ತಾನೇ ಎದ್ದು ಹಿಡಿಕೆ ಹುಡುಕಿತು, ಗುಂಡಿ ಒತ್ತಿತು. ಕೈ ನಿಂತಲ್ಲೆಲ್ಲ ಮೌನೇಶಪ್ಪ ದಾರ ಹಿಡಿದು ಅಳೆದ. ಎಡ ಮೊಣಕಾಲಿನ ಪಕ್ಕಕ್ಕೂ ಕೈ ಆಗಾಗ ಇಳಿಯುತ್ತಿತ್ತು. ಮುದುಕರಿಗೆ ಮಂಡಿನೋವು ಎಂದುಕೊಂಡು ಅದೊಂದನ್ನು ಅಳೆಯದೆ ಬಿಟ್ಟ.

ವಿಮಾನ ಸಿದ್ಧವಾಯಿತು. ಓಣಿಗೆ ಓಣಿಯೇ ನೋಡಲು ನೆರೆಯಿತು. ರಾಯರು ಏರಿಸಿದರು, ಹೊಲದ ಮೇಲೆ ಬಾಗಿಸಿದರು, ಜನ ಭಲೆ ಎಂದರು. ಆದರೆ ಇಳಿಸಲಿಲ್ಲ. ಸುತ್ತಿದರು, ಸುತ್ತಿದರು, ಇಂಧನ ಮುಗಿದು ವಿಮಾನ ಬಿತ್ತು. ಮರುದಿನವೂ ಬಿತ್ತು. ಮೂರನೆಯ ದಿನವೂ ಬಿತ್ತು. ಅಜ್ಜನಿಗೆ ಅರಳು ಮರಳು ಎಂದು ಜನ ನಕ್ಕರು. ಯುಗಾದಿಗೆ ಎಂಟೇ ದಿನ ಉಳಿದಿತ್ತು.

"ಯಾವಾಗ ಇಳೀಬೇಕು ಅನ್ನೋದು ತಿಳೀವಲ್ದಪಾ," ಎಂದು ರಾಯರು ಎದ್ದು ಹೋದರಂತೆ.

ಮೌನೇಶಪ್ಪನಿಗೆ ಅನ್ನ ಸೇರಲಿಲ್ಲ. ಮೂರು ದಿನವೂ ರಾಯರ ಎಡಗೈ ಕೆಳಗಿಳಿದು, ಏನನ್ನೋ ತಡಕಿ, ಬರಿದೇ ಮೇಲೆ ಬಂದಿತ್ತು. ತಾನು ಅಳೆಯದೆ ಬಿಟ್ಟ ಜಾಗ ಅದು. ಅಲ್ಲೇನಿತ್ತು ಎಂದು ಕೇಳಿದರೆ ರಾಯರಿಗೇ ನೆನಪಿಲ್ಲ. ಆದರೆ ಬೆರಳುಗಳು ಗುಂಡಗೆ ಮಡಚಿಕೊಳ್ಳುತ್ತಿದ್ದವು. ಹುಟ್ಟಿದಾಗಿನಿಂದ ಪಾತ್ರೆಗಳ ನಡುವೆ ಬೆಳೆದವನಿಗೆ ಅದು ಯಾವುದರ ಹಿಡಿತ ಎಂದು ಕೊನೆಗೂ ಹೊಳೆಯಿತು. ಮರುದಿನ ಸ್ಟೂಲಿನ ಎಡಕ್ಕೆ ಮೊಳೆ ಹೊಡೆದು, ಒಂದು ತಾಮ್ರದ ತಂಬಿಗೆಯಲ್ಲಿ ನೀರು ತುಂಬಿ ತೂಗುಹಾಕಿದ. ರಾಯರನ್ನು ಮತ್ತೆ ಕರೆತಂದು ಕೂರಿಸಿದ, ತಂಬಿಗೆಯ ಮಾತು ಹೇಳಲಿಲ್ಲ.

ರಾಯರು ಹಾರಿಸಿದರು. ಕೈ ಇಳಿಯಿತು, ತಂಬಿಗೆ ಸಿಕ್ಕಿತು. ಒಂದು ಗುಟುಕು ಕುಡಿದರು, ಒಂದು ಸುತ್ತು ಹಾರಿದರು, ಮತ್ತೆ ಕುಡಿದರು. ತಂಬಿಗೆ ಬರಿದಾದದ್ದೇ ತಡ, ಯಾರೂ ಹೇಳದೆ ವಿಮಾನ ತಿರುಗಿಸಿ, ಹೂವು ಇಟ್ಟ ಹಾಗೆ ನೆಲಕ್ಕೆ ಇಳಿಸಿದರು. ಆಮೇಲೆ ಆ ತಂಬಿಗೆಯನ್ನು ಎದೆಗೆ ಒತ್ತಿಕೊಂಡು ಅತ್ತರು.

"ನಮ್ಮಾಕಿ ದಿನಾ ತುಂಬಿ ಕೊಡ್ತಿದ್ಲಪಾ. ನೀರು ತೀರಿದ ಕೂಡ್ಲೆ ಮನಿಗೆ ಬರ್ರಿ ಅಂತಿದ್ಲು."

ಮೌನೇಶಪ್ಪ ವಿಮಾನದೊಳಗೂ ಒಂದು ತಂಬಿಗೆ ಕಟ್ಟಿ, ಅದರ ಮೇಲೆ ಅಂಬಾಬಾಯಿ ಎಂದು ಕೊರೆದ. ಅವನ ವಿಮಾನಗಳಲ್ಲೆಲ್ಲ ಇರುವ ಹೆಸರು ಅದೊಂದೇ. ಯುಗಾದಿಯವರೆಗೆ ರಾಯರು ದಿನವೂ ಹಾರಿಸಿ, ದಿನವೂ ಇಳಿಸಿದರಂತೆ. ಕಣ್ಣು ಪೂರ್ತಿ ಹೋದ ಮೇಲೂ ಇಳಿಸುತ್ತಿದ್ದರು ಎನ್ನುವವರಿದ್ದಾರೆ. ಇದನ್ನು ಮಾತ್ರ ನಾನು ನಂಬುತ್ತೇನೆ.

ರಾಯರೂ ಹೋದರು, ಮೌನೇಶಪ್ಪನೂ ಹೋದ, ಆ ದಪ್ಪ ಕಂಪ್ಯೂಟರುಗಳೂ ಹೋದವು. ವಿಮಾನ ಮಾತ್ರ ಪುಕ್ಕಟೆಯಾಗಿಯೇ ಕೈಯಿಂದ ಕೈಗೆ ದಾಟುತ್ತಿದೆ. ಕಟ್ಟಿದವನು ಯಾರು ಎಂದು ಕೇಳಿದರೆ ಹಾರಿಸುವವರಿಗೆ ಗೊತ್ತಿಲ್ಲ. ಆದರೆ ಇಂದಿಗೂ ಅದನ್ನು ಹಾರಿಸುವವರು ಎಡಗಡೆ ಒಂದು ತಂಬಿಗೆ ನೀರು ಇಟ್ಟುಕೊಂಡೇ ಕೂರುತ್ತಾರೆ. ಆಟ ಎಷ್ಟೇ ರಂಗೇರಿರಲಿ, ನೀರು ತೀರಿದ ಕೂಡಲೇ ಇಳಿಸಿ, ಎದ್ದು, ಮನೆಯವರ ಹತ್ತಿರ ಹೋಗುತ್ತಾರೆ.